ಯೂನ್ ಅಜ್ಜಿಯ ನೋರಿಗೆ

ಹರ್ನ್‌ಡನ್, ವರ್ಜೀನಿಯಾ
24 ಅಕ್ಟೋಬರ್ 2023

ಮೈಥಿಲಿ,

ಲಕೋಟೆಯ ಮೇಲೆ ನನ್ನ ಹೆಸರು ಕಂಡ ಕೂಡಲೇ ಕಸದ ಡಬ್ಬಿಗೆ ಹಾಕದೆ ಒಡೆದಿದ್ದೀಯಲ್ಲ, ಅಷ್ಟಕ್ಕೇ ಬದುಕಿದೆ. ನಾಲ್ಕು ವರ್ಷದಿಂದ ನನ್ನ ಫೋನ್ ನೀನು ಎತ್ತಿಲ್ಲ. ಮೆಸೇಜು ಓದುತ್ತೀ ಎಂದು ಗೊತ್ತಾಗುತ್ತದೆ, ಉತ್ತರ ಬರುವುದಿಲ್ಲ. ಹಾಗಾಗಿ ಅಂಚೆ. ಕ್ಷೇಮ ಸಮಾಚಾರವನ್ನು ಆಮೇಲೆ ಕೇಳುತ್ತೇನೆ, ಮೊದಲು ನನ್ನನ್ನು ಪಾರು ಮಾಡು.

ಮೊದಲಿನಿಂದ ಹೇಳುತ್ತೇನೆ. ನೀವು ಹರ್ನ್‌ಡನ್ ಬಿಟ್ಟು ಫೋರ್ಟ್ ಮಿಲ್ಲಿಗೆ ಹೋದ ಮೇಲೆ ಒಬ್ಬಳೇ ಕುಳಿತು ಊರವರ ಸೀರೆಗಳಿಗೆ ಕುಚ್ಚು ಕಟ್ಟುವುದು ನನಗೆ ಸಾಕಾಗಿತ್ತು. ಕಳೆದ ವರ್ಷ ರವಿಕೆಯೊಂದನ್ನು ಸಡಿಲ ಮಾಡಿಸಲು ಸೆಂಟರ್‌ವಿಲ್‌ನ ಕೊರಿಯನ್ ಅಂಗಡಿಯೊಂದಕ್ಕೆ ಹೋದೆ. ಅಲ್ಲಿ ಹಾನ್‌ಬೋಕ್ ಹೊಲಿಯುತ್ತಾರೆ. ನಮಗೆ ರೇಷ್ಮೆ ಸೀರೆ ಹೇಗೋ ಅವರಿಗೆ ಅದು ಹಾಗೆ, ಮದುವೆಗೆ, ಹಬ್ಬಕ್ಕೆ ತೊಡುವಂಥದ್ದು: ಗಿಡ್ಡನೆಯ ಮೇಲಂಗಿ, ಎದೆಯಿಂದಲೇ ಇಳಿಯುವ ಅಗಲ ಲಂಗ. ಗೋಡೆಯ ಮೇಲೆ ಸಾಲಾಗಿ ಏನೋ ತೂಗುತ್ತಿತ್ತು. ಮೇಲೊಂದು ಕೊಕ್ಕೆ, ಅದರ ಕೆಳಗೆ ರೇಷ್ಮೆ ಹುರಿಯ ಗಂಟು, ನಡುವೆ ಹಸಿರು ಕಲ್ಲೋ ಬೆಳ್ಳಿಯ ಚಿಟ್ಟೆಯೋ, ಮತ್ತೆ ಗಂಟು, ಕೊನೆಯಲ್ಲಿ ಗೇಣುದ್ದದ ಕುಚ್ಚು. ಕುಚ್ಚು, ಮೈಥಿಲಿ! ರವಿಕೆಯನ್ನು ಮರೆತು ಅಲ್ಲೇ ನಿಂತುಬಿಟ್ಟೆ. ಅದರ ಹೆಸರು ನೋರಿಗೆ. ಮೇಲಂಗಿಯ ಲಾಡಿಗೆ ಸಿಕ್ಕಿಸಿಕೊಳ್ಳುತ್ತಾರೆ, ನಡೆದರೆ ಲಂಗದ ಮುಂದೆ ತೂಗಾಡುತ್ತದೆ.

ಅಂಗಡಿಯ ಯಜಮಾನಿ ಮಿಸೆಸ್ ಹಾನ್‌ಗೆ ಎಪ್ಪತ್ತು ದಾಟಿದೆ. ಅವರ ಇಂಗ್ಲಿಷ್ ನನ್ನದಕ್ಕಿಂತ ಒಂದು ಗುಲಗಂಜಿ ಹೆಚ್ಚು. ನಾನು ಉಟ್ಟಿದ್ದ ಸೀರೆಯ ಸೆರಗನ್ನು ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ಒಂದೊಂದೇ ಕುಚ್ಚನ್ನು ತಿರುಗಿಸಿ ನೋಡಿ "ಯೂ ಮೇಕ್?" ಎಂದರು. "ಐ ಮೇಕ್" ಎಂದೆ. ಇಂಟರ್‌ವ್ಯೂ ಅಷ್ಟೇ. ಅಂದಿನಿಂದ ವಾರಕ್ಕೆ ಮೂರು ಬೆಳಗು ಅಲ್ಲಿರುತ್ತೇನೆ. ಅವರು ಗಂಟು ಹಾಕುತ್ತಾರೆ, ನಾನು ಕುಚ್ಚು ಸುತ್ತುತ್ತೇನೆ, ಕೆಟಲಿನ ಹಬೆಗೆ ಹಿಡಿದು ಎಳೆಗಳನ್ನು ನೇರ ಮಾಡುತ್ತೇನೆ. ಮಾತು ಕಡಿಮೆ, ಸುಖವಾಗಿದ್ದೇನೆ. ಅಲ್ಲ, ಮೊನ್ನೆಯವರೆಗೆ ಸುಖವಾಗಿದ್ದೆ.

ಮಿಸೆಸ್ ಹಾನ್ ಮಗಳ ಮನೆಗೆಂದು ಅಟ್ಲಾಂಟಾ ಹತ್ತಿರದ ಡುಲುತ್‌ಗೆ ಹೋಗಿದ್ದಾರೆ, ನವೆಂಬರ್ ಹನ್ನೆರಡಕ್ಕೆ ಬರುತ್ತಾರೆ. ಅಂಗಡಿಯ ಬೀಗದ ಕೈ ನನಗೆ ಕೊಟ್ಟಿದ್ದಾರೆ. ನಿನ್ನೆ ಆಯುಧಪೂಜೆ. ಕತ್ತರಿ, ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ ಎಲ್ಲ ಒರೆಸಿ ಅರಿಶಿನ ಕುಂಕುಮ ಇಟ್ಟೆ. ಯಾರ ಅಂಗಡಿಯಾದರೇನು, ಅನ್ನ ಕೊಡುವ ಕತ್ತರಿಯನ್ನು ಬರೀ ಹಣೆಯಲ್ಲಿ ಬಿಡುವುದಕ್ಕಾಗುತ್ತದೆಯೇ? ಗೋಡೆಯ ನೋರಿಗೆಗಳನ್ನು ಮುಟ್ಟಲಿಲ್ಲ, ಅವು ಒಡವೆ. ಆದರೆ ಕೊಕ್ಕೆ ಸರಿಮಾಡಲೆಂದು ಯೂನ್ ಅಜ್ಜಿ ಎಂಬುವರು ಬಿಟ್ಟುಹೋದದ್ದು ಒಂದಿತ್ತು. ಅದರ ನಡುವೆ ಕಲ್ಲಿಲ್ಲ, ಸೂಜಿ ಇಡುವ ಪುಟ್ಟ ಬೆಳ್ಳಿಯ ಡಬ್ಬಿ. ಒಳಗೆ ಮೂರು ಸೂಜಿ, ತುಕ್ಕು ಹಿಡಿಯದಿರಲೆಂದು ತುರುಕಿದ ಕೂದಲು. ಪೂಜೆಯ ದಿನ ಕೂದಲು ಮುಟ್ಟುವುದೇ ಎಂದು ಮುಚ್ಚಳ ಹಾಕಿದೆ. ಆದರೂ ಸೂಜಿ ಆಯುಧವಲ್ಲದೆ ಇನ್ನೇನು? ಅದಕ್ಕೂ ಇಟ್ಟೆ.

ಅರಿಶಿನ ನೀರಾಗಿತ್ತು. ಡಬ್ಬಿಯ ಮೇಲಿಂದ ಜಾರಿ ಕೆಳಗಿನ ಗಂಟಿಗೂ ಕುಚ್ಚಿನ ತಲೆಗೂ ಇಳಿಯಿತು. ತಿಳಿನೀಲಿ ರೇಷ್ಮೆ, ಅದರ ಮೇಲೆ ಎರಡು ಬೆರಳಗಲ ಹಳದಿ. ಗಾಬರಿಯಲ್ಲಿ ಸೋಪು ಹಚ್ಚಿದೆ. ಕೆಂಪಾಯಿತು.

ಅದನ್ನು ಕಟ್ಟಿದ್ದು ಯೂನ್ ಅಜ್ಜಿಯ ತಾಯಿ. ಅಜ್ಜಿಗೇ ಈಗ ಎಂಬತ್ತೆರಡು. ನವೆಂಬರ್ ಹದಿನೆಂಟಕ್ಕೆ ಅವರ ಮೊಮ್ಮಗಳ ಮದುವೆ, ಹುಡುಗಿ ಇದನ್ನೇ ಹಾಕಿಕೊಳ್ಳಬೇಕು. ಹದಿನಾಲ್ಕಕ್ಕೆ ತೆಗೆದುಕೊಂಡು ಹೋಗಲು ಬರುತ್ತಾರೆ. ಅಂಗಡಿಯಲ್ಲಿ ಅದೇ ಬಣ್ಣದ ರೇಷ್ಮೆ ಇದೆ. ಹಳೆಯದನ್ನು ಬಿಚ್ಚಿ ಹೊಸದು ಕಟ್ಟಿದರೆ ಯಾರಿಗೂ ತಿಳಿಯದು. ಆದರೆ ನಿನ್ನ ಅಪ್ಪ ಮೈಸೂರಿನಲ್ಲಿ ಮೂವತ್ತು ವರ್ಷ ರೇಷ್ಮೆಗೆ ಬಣ್ಣ ಹಾಕಿದವರು, ಕಲೆ ತೆಗೆಯುವುದು ನಿನಗಿಂತ ಚೆನ್ನಾಗಿ ಅಮೆರಿಕದಲ್ಲಿ ಯಾರಿಗೂ ಗೊತ್ತಿಲ್ಲ. ಬೇಗ ಬರೆ.

ನಿನ್ನ
ವಾರಿಜ


ಫೋರ್ಟ್ ಮಿಲ್, ಸೌತ್ ಕೆರೊಲಿನಾ
27 ಅಕ್ಟೋಬರ್ 2023

ಶ್ರೀಮತಿ ವಾರಿಜಾಕ್ಷಿ ಅವರಿಗೆ,

ನಿಮ್ಮ ಪತ್ರ ಇಂದು ತಲುಪಿತು. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಎಂಬುದು ಆರತಿಗೆ ನೀರು ಕದಡುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಅರವತ್ತೊಂದು ವರ್ಷದ ನಿಮಗೆ ಹೊಳೆಯದಿದ್ದುದು ಆಶ್ಚರ್ಯ.

ಮೊದಲು ಸೋಪಿನ ಅಂಶ ಹೋಗಬೇಕು. ಒಂದು ಬಟ್ಟಲು ತಣ್ಣೀರಿಗೆ ನಾಲ್ಕೈದು ಹನಿ ಬಿಳಿ ವಿನಿಗರ್ ಹಾಕಿ. ಹತ್ತಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಕಲೆಯ ಮೇಲೆ ಒತ್ತಿ. ಉಜ್ಜಬೇಡಿ. ಕೆಂಪು ಹೋಗಿ ಹಳದಿಗೆ ಮರಳುತ್ತದೆ. ಆಮೇಲೆ ಬಿಸಿಲು. ಅರಿಶಿನ ಬಿಸಿಲಿಗೆ ತಡೆಯುವುದಿಲ್ಲ. ಆದರೆ ಹಳೆಯ ನೀಲಿಯೂ ತಡೆಯಲಾರದು, ಆದ್ದರಿಂದ ಕಲೆಯಾದ ಜಾಗವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಪ್ಪು ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಅಡುಗೆಮನೆಯ ಫಾಯಿಲ್ ಸುತ್ತಿ. ದಿನಕ್ಕೆ ಎರಡು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ಪ್ರತಿದಿನ ನೋಡುತ್ತಿರಿ. ಹತ್ತು ದಿನವಾದರೂ ಬೇಕು. ನಮ್ಮ ತಂದೆ ಹೀಗೆಯೇ ಮಾಡುತ್ತಿದ್ದರು.

ಗಂಟನ್ನು ಬಿಚ್ಚಬೇಡಿ.

ಮೈಥಿಲಿ ಬದರಿನಾಥ


ಹರ್ನ್‌ಡನ್
4 ನವೆಂಬರ್ 2023

ಸನ್ಮಾನ್ಯ ಮೈಥಿಲಿ ಬದರಿನಾಥ ಅವರ ಸನ್ನಿಧಿಗೆ,

ನೀವು, ತಾವು! ಇಪ್ಪತ್ತು ವರ್ಷ ನನ್ನನ್ನು "ಏನೇ" ಎಂದು ಕರೆದವಳು. ಅದೂ ಟೈಪ್ ಮಾಡಿದ ಕಾಗದ, ಕೆಳಗೆ ಸಹಿ ಕೂಡ ಇಲ್ಲ. ಕೌಂಟಿಯವರು ಹುಲ್ಲು ಕತ್ತರಿಸಿಲ್ಲವೆಂದು ಕಳಿಸುವ ನೋಟಿಸಿನ ಹಾಗಿದೆ. ನಮ್ಮ ಮನೆಯವರಿಗೆ, ಪುಂಡಲೀಕರಿಗೆ, ತೋರಿಸಿದರೆ "ಕೈಯಲ್ಲಿ ಬರೀಲಿಕ್ಕೆ ಸಮಯ ಇಲ್ಲವಾ ಎಂತ?" ಎಂದರು. ನನಗೂ ಅದೇ ಅನ್ನಿಸಿತು. ಕೋಪವಿದ್ದರೆ ಕೈಯಲ್ಲೇ ಬರೆದು ಬೈಯಬಹುದಿತ್ತು.

ಆದರೂ ನೀನು ಹೇಳಿದ ಹಾಗೆ ಮಾಡಿದೆ. ವಿನಿಗರ್ ಹಾಕಿದ ಕೂಡಲೇ ಕೆಂಪು ಹಳದಿಯಾಯಿತು, ನಿನ್ನ ಅಪ್ಪನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಸೋಮವಾರದಿಂದ ಮನೆಯ ಡೆಕ್ಕಿನ ಮೇಲೆ ಬಿಸಿಲಿಗೆ ಇಡುತ್ತಿದ್ದೇನೆ. ಮೊದಲ ದಿನವೇ ಅಳಿಲೊಂದು ಬಂದು ಫಾಯಿಲ್ ಎಳೆಯಿತು. ಅದಕ್ಕೆ ಪುಂಡಲೀಕರನ್ನು ಕಾವಲಿಗೆ ಕೂರಿಸಿದೆ. ಅವರು ಕೋಟು ಹಾಕಿಕೊಂಡು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಲ್ಲಿಂದಲೇ ಮೀಟಿಂಗ್ ಮಾಡುತ್ತಾರೆ. ಮಧ್ಯೆ ಒಮ್ಮೆ "ಹಚಾ!" ಎಂದು ಕೂಗಿದ್ದು ಹದಿನಾಲ್ಕು ಜನ ಕ್ಲೈಂಟುಗಳಿಗೆ ಕೇಳಿಸಿತಂತೆ. ಮ್ಯೂಟ್ ಮಾಡಲು ಮರೆತಿದ್ದರು.

ಐದು ದಿನದಲ್ಲಿ ಕುಚ್ಚಿನ ತಲೆಯ ಮೇಲಿನದು ಮುಕ್ಕಾಲು ಹೋಗಿದೆ. ಗಂಟಿನೊಳಗೆ ಇಳಿದದ್ದು ಮಾತ್ರ ಹೋಗುತ್ತಿಲ್ಲ, ಅಲ್ಲಿಗೆ ಬಿಸಿಲು ತಲುಪುವುದಿಲ್ಲ. ಇನ್ನೊಂದು ವಿಷಯ, ಆ ಗಂಟು ಮೊದಲೇ ಸೊಟ್ಟಗಿದೆ. ಮೂರು ಗಂಟುಗಳಲ್ಲಿ ಕೊನೆಯದು. ಎಡಗಡೆ ಒಂದು ಎಳೆ ಸಡಿಲ. ನೋಡಿದಾಗಲೆಲ್ಲ ಕೈ ತುರಿಸುತ್ತದೆ. ಹೇಗೂ ಕಲೆಯಾಗಿದೆ, ಬಿಚ್ಚಿದರೆ ಕಲೆಯೂ ಹೋಗುತ್ತದೆ, ಗಂಟೂ ನೇರವಾಗುತ್ತದೆ. ತಿಳಿನೀಲಿ ರೇಷ್ಮೆ ಎರಡು ಗಜ ಕತ್ತರಿಸಿ ಮನೆಗೆ ತಂದಿಟ್ಟಿದ್ದೇನೆ. ಆ ಗಂಟನ್ನು ಹಾಕಲು ಮಿಸೆಸ್ ಹಾನ್ ನನಗೆ ಬೇಸಿಗೆಯಲ್ಲೇ ಕಲಿಸಿದ್ದಾರೆ.

ಬಿಚ್ಚಬೇಡಿ ಎಂದು ಒಂದೇ ಸಾಲು ಬರೆದಿದ್ದೀ. ಆ ಸಾಲು ನೋರಿಗೆಯ ಬಗ್ಗೆ ಅಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ನಿನ್ನ ಹರಿಣಿಯ ಮದುವೆಯ ಹಿಂದಿನ ದಿನ ನಾನು ಧಾರೆ ಸೀರೆಯ ಕುಚ್ಚುಗಳನ್ನು ಬಿಚ್ಚಿ ಮತ್ತೆ ಕಟ್ಟಿದ್ದಕ್ಕೆ ತಾನೇ ಇಷ್ಟೆಲ್ಲ? ನೀನು ಕಟ್ಟಿದ್ದು ಸಡಿಲವಾಗಿತ್ತು ಮೈಥಿಲಿ. ಧಾರೆಯ ಹೊತ್ತಿಗೆ ಒಂದೆರಡು ಬಿಚ್ಚಿಹೋಗಿದ್ದರೆ ನಿನ್ನ ಬೀಗರ ಮುಂದೆ ನಗೆಪಾಟಲಾಗುತ್ತಿತ್ತು. ಎಪ್ಪತ್ತೆರಡು ಕುಚ್ಚು, ಒಂದು ಮಧ್ಯಾಹ್ನ, ಊಟ ಕೂಡ ಮಾಡಲಿಲ್ಲ ನಾನು. ಎಲ್ಲರೂ ಹೊಗಳಿದರು. ನೀನೂ ಚೆನ್ನಾಗಿದೆ ಎಂದೆ. ಆಮೇಲೆ ಮಾತು ಬಿಟ್ಟೆ. ಇದರಲ್ಲಿ ನನ್ನ ತಪ್ಪೇನು ಎಂದು ನಾಲ್ಕು ವರ್ಷದಿಂದ ಕೇಳಿಕೊಂಡಿದ್ದೇನೆ.

ಮುಂದಿನ ಶನಿವಾರದವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಹೋಗದಿದ್ದರೆ ಬಿಚ್ಚುವುದೇ.

ವಾರಿಜ


ಫೋರ್ಟ್ ಮಿಲ್
8 ನವೆಂಬರ್ 2023

ವಾರಿಜಾ,

ಇದನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ನೀನೇ ಕೇಳಿದ್ದು, ಈಗ ಓದಲಾಗದೆ ಒದ್ದಾಡು. ಇಷ್ಟು ಬರೆಯಲು ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೆ ಕುಳಿತಿದ್ದೆ.

ನನ್ನ ಕೈ ನಡುಗುತ್ತದೆ. 2019ರ ಫೆಬ್ರವರಿಯಲ್ಲಿ ಶುರುವಾಯಿತು. ಪ್ರಾಣಕ್ಕೇನೂ ಅಪಾಯವಿಲ್ಲ, ವಾಸಿಯೂ ಆಗುವುದಿಲ್ಲ ಎಂದರು ಡಾಕ್ಟರ್. ಮದುವೆ ಮುಗಿಯುವವರೆಗೆ ಯಾರಿಗೂ ಹೇಳಬಾರದೆಂದುಕೊಂಡೆ. ಬದರಿಗೂ ಹೇಳಿರಲಿಲ್ಲ. ಕಾಫಿ ಲೋಟವನ್ನು ಅರ್ಧವೇ ತುಂಬಿಸಿಕೊಳ್ಳುತ್ತಿದ್ದೆ.

ನಾವಿಬ್ಬರೂ ಕುಳಿತು ಎಷ್ಟು ಹುಡುಗಿಯರ ಧಾರೆ ಸೀರೆಗೆ ಕುಚ್ಚು ಕಟ್ಟಿಲ್ಲ. ನನ್ನ ಮಗಳದನ್ನು ನಾನೊಬ್ಬಳೇ ಕಟ್ಟಬೇಕೆಂದು ಆಸೆಯಿತ್ತು. ದಿನಕ್ಕೊಂದು ಕಟ್ಟುತ್ತಿದ್ದೆ, ಕೈ ಒಳ್ಳೆಯದಿದ್ದ ದಿನ ಎರಡು. ಎಪ್ಪತ್ತೆರಡು ಮುಗಿಸಲು ಎರಡೂವರೆ ತಿಂಗಳು ಹಿಡಿಯಿತು. ಸಡಿಲವಾಗಿವೆ ಎಂದು ನನಗೂ ಕಾಣುತ್ತಿತ್ತು ಕಣೇ. ಕಣ್ಣಿಗೇನೂ ಆಗಿಲ್ಲ.

ಹೂವಿನವರ ಹತ್ತಿರ ಮಾತಾಡಿ ಹೋಟೆಲ್ ಕೋಣೆಗೆ ವಾಪಸ್ ಬಂದರೆ ನೀನು ಮಂಚದ ಮೇಲೆ ಸೀರೆ ಹರಡಿಕೊಂಡು ಕುಳಿತಿದ್ದೆ. ನಾನು ಸುತ್ತಿದ್ದ ದಾರವೆಲ್ಲ ಕತ್ತರಿಸಿ ಕಸದ ಬುಟ್ಟಿಯಲ್ಲಿ ಬಿದ್ದಿತ್ತು. "ನೋಡೇ, ಈಗ ಹೇಗಿದೆ!" ಎಂದೆ. ನಿನ್ನ ಮುಖದಲ್ಲಿ ಅಷ್ಟು ಸಂತೋಷ. ಚೆನ್ನಾಗಿದೆ ಕಣೇ ಎಂದೆ ನಾನು. ನಿಜವಾಗಿಯೂ ಚೆನ್ನಾಗಿತ್ತು, ಕಷ್ಟವಾದದ್ದೇ ಅದು. ಕೆಟ್ಟದಾಗಿ ಕಟ್ಟಿದ್ದರೆ ಅಲ್ಲೇ ಜಗಳವಾಡಿ ಮುಗಿಸಿಬಿಡುತ್ತಿದ್ದೆ.

ನಿನ್ನ ಫೋನ್ ಬಂದಾಗಲೆಲ್ಲ ಎತ್ತಿದರೆ ಅಳು ಬರುತ್ತದೆ ಎಂದು ಎತ್ತಲಿಲ್ಲ. ಆಮೇಲೆ ಎತ್ತದಿರುವುದೇ ರೂಢಿಯಾಯಿತು.

ಆ ಅಜ್ಜಿಯ ಗಂಟು ಬಿಚ್ಚಬೇಡ. ಯಾರಿಗೂ ತಿಳಿಯದು ಎನ್ನುತ್ತೀ. ಅದು ಯಾರ ಕೈಗಂಟೋ ಅವರಿಗೆ ತಿಳಿಯುತ್ತದೆ. ನಡೆದದ್ದನ್ನು ಹೇಳಿಬಿಡು. ಬೈದರೆ ಬೈಸಿಕೋ.

ಕೈ ಸೋತಿತು.

ಮೈಥಿಲಿ


ಹರ್ನ್‌ಡನ್
15 ನವೆಂಬರ್ 2023

ಮೈಥಿಲಿ,

ನಿನ್ನ ಕಾಗದ ಶುಕ್ರವಾರ ಬಂತು. ಓದಿ ಅಡುಗೆಮನೆಯಲ್ಲಿ ನಿಂತೇ ಇದ್ದೆ. ಪುಂಡಲೀಕರು "ಎಂತ ಆಯ್ತು ಮಾರಾಯ್ತಿ, ಊರಿಂದ ಏನಾದ್ರೂ ಸುದ್ದಿಯಾ?" ಎಂದು ಓಡಿ ಬಂದರು. ಕಾಗದವನ್ನು ಅವರ ಕೈಗೆ ಕೊಟ್ಟೆ. ಅವರಿಗೆ ಓದಲು ಬಹಳ ಹೊತ್ತು ಬೇಕಾಯಿತು. ಓದಿ ಮಡಚಿ, "ಅವಳ ಕುಚ್ಚು ಯಾಕೆ ಸಡಿಲ ಆಯ್ತು ಅಂತ ನೀನು ಒಂದು ಸಲವಾದ್ರೂ ಕೇಳಿದ್ಯಾ?" ಎಂದರು. ಕೇಳಿರಲಿಲ್ಲ.

ಇಪ್ಪತ್ತು ವರ್ಷ ನಿನ್ನ ಪಕ್ಕ ಕುಳಿತಿದ್ದೇನೆ. ನಿನ್ನ ಕುಚ್ಚು ಎಂದೂ ಸಡಿಲವಾದದ್ದಿಲ್ಲ. ಎಪ್ಪತ್ತೆರಡೂ ಸಡಿಲವಾಗಿದ್ದರೆ ಏನೋ ಆಗಿದೆ ಎಂದು ತಿಳಿಯಬೇಕಿತ್ತು. ನನಗೆ ಕುಚ್ಚು ಕಂಡಿತು, ನೀನು ಕಾಣಲಿಲ್ಲ. ತಪ್ಪೇನು ಎಂದು ಕೇಳಿದ್ದೆನಲ್ಲ, ತಪ್ಪು ಅದು. ನನ್ನನ್ನು ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಕ್ಷಮಿಸು.

ಶನಿವಾರ ಬಂತು, ಹೋಯಿತು. ನೀಲಿ ರೇಷ್ಮೆಯನ್ನು ಅಂಗಡಿಯ ಡ್ರಾಯರಿಗೆ ವಾಪಸ್ ಇಟ್ಟೆ. ಭಾನುವಾರ ಮಿಸೆಸ್ ಹಾನ್ ಬಂದ ಕೂಡಲೇ ಎಲ್ಲ ಹೇಳಿದೆ. ಅವರು ನೋರಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನಿಟ್ಟುಸಿರುಬಿಟ್ಟು, "ಟ್ಯೂಸ್‌ಡೇ, ಯೂ ಟೆಲ್. ನಾಟ್ ಮೀ" ಎಂದರು.

ನಿನ್ನೆ ಯೂನ್ ಅಜ್ಜಿ ಬಂದರು. ಕುಳ್ಳಗೆ, ನೆಟ್ಟಗೆ, ಕೈಯಲ್ಲಿ ಊರುಗೋಲಿದ್ದರೂ ಅದನ್ನು ಊರುವುದಿಲ್ಲ, ಬರೀ ತೋರಿಸಲಿಕ್ಕೆ. ನಾನು ಟ್ರೇಯಲ್ಲಿ ನೋರಿಗೆ ಇಟ್ಟು, ಅರಿಶಿನದ ಬಟ್ಟಲನ್ನೂ ಪಕ್ಕದಲ್ಲಿಟ್ಟು ಹೇಳಿದೆ. ವರ್ಷಕ್ಕೊಮ್ಮೆ ನಾವು ಕೆಲಸದ ಸಾಮಾನುಗಳಿಗೆ ಥ್ಯಾಂಕ್ಯೂ ಹೇಳುತ್ತೇವೆ, ಇದು ಸೂಜಿ, ಅದಕ್ಕೇ ಹಚ್ಚಿದೆ, ಸಾರಿ. ಮಿಸೆಸ್ ಹಾನ್ ಅದನ್ನು ಕೊರಿಯನ್ನಿನಲ್ಲಿ ಹೇಳಿದರು. ಅಜ್ಜಿ ಶುರು ಮಾಡಿದರು ನೋಡು! ಐದು ನಿಮಿಷ ಉಸಿರು ತೆಗೆದುಕೊಳ್ಳದೆ ಬೈದರು. ಊರುಗೋಲಿಗೂ ಕೊನೆಗೆ ಕೆಲಸ ಸಿಕ್ಕಿತು, ನೆಲಕ್ಕೆ ಮೂರು ಸಲ ಕುಟ್ಟಿದರು. ಎಲ್ಲ ಮುಗಿದ ಮೇಲೆ ಮಿಸೆಸ್ ಹಾನ್ ನನ್ನ ಕಡೆ ತಿರುಗಿ, "ಶೀ ಸೇ, ಲಿಟಲ್ ಸ್ಯಾಡ್" ಎಂದು ತರ್ಜುಮೆ ಮಾಡಿದರು. ಆ ಸ್ಥಿತಿಯಲ್ಲೂ ನನಗೆ ನಗು ಬಂದು ತುಟಿ ಕಚ್ಚಿಕೊಂಡೆ.

ಆಮೇಲೆ ಅಜ್ಜಿ ನೋರಿಗೆಯನ್ನು ಎತ್ತಿಕೊಂಡರು. ಕಲೆಯನ್ನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಮೇಲಿನ ಗಂಟು ಸವರಿದರು, ನಡುವಿನದು ಸವರಿದರು, ಕೊನೆಯದಕ್ಕೆ ಬಂದು ನಿಂತರು. ನಾನು ಹೇಳಿದ್ದೆನಲ್ಲ, ಎಡಗಡೆ ಸಡಿಲವೆಂದು, ಅಲ್ಲಿ. ಅಲ್ಲೇ ಬೆರಳಿಟ್ಟುಕೊಂಡು ಕುಳಿತರು. ಕಣ್ಣು ಬಿಟ್ಟು ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಕೇಳಿದರು, "ಯೂ ನೋ ಓಪನ್?"

"ನೋ ಓಪನ್" ಎಂದೆ.

ಅಜ್ಜಿಯ ಮುಖ ಸಡಿಲವಾಯಿತು. ನಿಧಾನವಾಗಿ ಏನೋ ಹೇಳಿದರು, ಮಿಸೆಸ್ ಹಾನ್ ತಮ್ಮ ಮುರುಕು ಇಂಗ್ಲಿಷಿನಲ್ಲಿ ನನಗೆ ತಿಳಿಸಿದರು. ಅಜ್ಜಿಯ ತಾಯಿ ಇದನ್ನು ಕಟ್ಟುವ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತಂತೆ. ಕೊನೆಯ ಗಂಟು ಸೊಟ್ಟಗಾಗಿದೆ ಎಂದು ಇವರು ಹೇಳಲಿಲ್ಲವಂತೆ, ತಾಯಿ ಕೇಳಲಿಲ್ಲವಂತೆ. ಅರವತ್ತು ವರ್ಷದಿಂದ ಅಮ್ಮ ನೆನಪಾದಾಗ ಬೆರಳಿಡುವುದು ಅಲ್ಲಿಗೇ ಅಂತೆ.

ನಾನು ಅದನ್ನು ನೇರ ಮಾಡುವವಳಿದ್ದೆ ಮೈಥಿಲಿ. ಎಷ್ಟು ಚೆನ್ನಾಗಿ ಮಾಡುತ್ತಿದ್ದೆ ಎಂದರೆ ಮಿಸೆಸ್ ಹಾನ್ ಕೂಡ ಹೊಗಳುತ್ತಿದ್ದರು. ಅಜ್ಜಿ ಮಾತ್ರ ಕಣ್ಣು ಮುಚ್ಚಿ ಬೆರಳಿಟ್ಟು ಹುಡುಕುತ್ತಿದ್ದರು.

ಕೌಂಟರಿನ ಹಿಂದೆ ಹೋಗಿ ಮುಖ ಒರೆಸಿಕೊಂಡು ಬಂದೆ. ಅಜ್ಜಿ ಅಷ್ಟರಲ್ಲಿ ಹಳದಿಯನ್ನು ನೋಡುತ್ತಿದ್ದರು. ಗಂಟಿನ ಬಿರುಕಿನಲ್ಲಿ ಒಣಹುಲ್ಲಿನ ಬಣ್ಣದ ಒಂದು ನೆರಳು ಉಳಿದಿದೆ. "ಶೀ ಸೇ, ಫೋರ್ ಡೇ ಮೋರ್ ಸನ್. ಹರ್ ಹೌಸ್. ಯೂ ನೋ ಟಚ್" ಎಂದರು ಮಿಸೆಸ್ ಹಾನ್. ಬಿಸಿಲಿಗಿಡುವ ಉಪಾಯ ಯಾರದೆಂದು ಅಜ್ಜಿ ಕೇಳಿದರು. ನನ್ನ ಗೆಳತಿಯದು, ಸೌತ್ ಕೆರೊಲಿನಾದಲ್ಲಿದ್ದಾಳೆ ಎಂದೆ. ತಲೆಯಾಡಿಸಿ, "ಗುಡ್ ಫ್ರೆಂಡ್" ಎಂದರು. ನನಗೇನೂ ಬಿರುದು ಸಿಗಲಿಲ್ಲ.

ಬರೆಯುತ್ತೀಯಲ್ಲ?

ವಾರಿಜ


ಹರ್ನ್‌ಡನ್
2 ಡಿಸೆಂಬರ್ 2023

ಪ್ರೀತಿಯ ಮೈಥಿಲಿ,

ಎರಡು ವಾರ ದಾಟಿತು, ನಿನ್ನಿಂದ ಏನೂ ಇಲ್ಲ. ದಿನಾ ಮಧ್ಯಾಹ್ನ ಟಪ್ಪಾಲಿನ ವ್ಯಾನು ಬರುವ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು ನಿಂತಿರುತ್ತೇನೆ. ಕೈಯಲ್ಲಿ ಬರೆ ಎಂದು ಹಟ ಹಿಡಿದದ್ದು ತಪ್ಪಾಯಿತು. ಟೈಪ್ ಮಾಡು, ನೀವು ತಾವು ಎನ್ನು, ಕೌಂಟಿಯ ನೋಟಿಸ್ ಕಳಿಸು, ಏನಾದರೂ ಕಳಿಸು.

ಇದರ ಜೊತೆ ಒಂದು ಫೋಟೋ ಇದೆ. ಅಜ್ಜಿ ನಮ್ಮಿಬ್ಬರನ್ನೂ ಮದುವೆಯ ಊಟಕ್ಕೆ ಕರೆದಿದ್ದರು. ಪುಂಡಲೀಕರು ಮೀನು ಸಿಕ್ಕಿತೆಂದು ಖುಷಿಯಲ್ಲಿದ್ದರು. ಮದುಮಗಳ ಮೇಲಂಗಿ ಕೆನೆ ಬಣ್ಣ, ಲಂಗ ಗಾಢ ಗುಲಾಬಿ, ಅದರ ಮೇಲೆ ನಮ್ಮ ನೋರಿಗೆ. ನಮ್ಮದು ಎಂದುಬಿಟ್ಟೆ, ಇರಲಿ. ಹಳದಿ ಎಲ್ಲಿದೆ ಎಂದು ನಾನೇ ಹುಡುಕಬೇಕಾಯಿತು. ಹುಡುಗಿ ಮಾತಾಡುವಾಗಲೆಲ್ಲ ಒಂದು ಕೈಯಲ್ಲಿ ಕುಚ್ಚನ್ನು ಹಿಡಿದುಕೊಂಡಿರುತ್ತಾಳೆ, ಯಾರೂ ಕಲಿಸಿದ್ದಲ್ಲ.

ಕೋಪವಿದ್ದರೆ ಇರಲಿ, ನ್ಯಾಯವೇ. ನಾನು ಬರೆಯುತ್ತಲೇ ಇರುತ್ತೇನೆ.

ನಿನ್ನ
ವಾರಿಜ


ಫೋರ್ಟ್ ಮಿಲ್
21 ಜನವರಿ 2024

ವಾರಿಜಾ,

ಟೈಪ್ ಮಾಡುತ್ತಿದ್ದೇನೆ, ಕೈಗೆ ಇವತ್ತು ರಜೆ. ನಿನ್ನ ಎರಡು ಕಾಗದಗಳೂ ಬಂದವು. ಮೊದಲನೆಯದನ್ನು ಬದರಿಗೂ ಓದಿ ಹೇಳಿದೆ. ಊರುಗೋಲಿನ ಜಾಗದಲ್ಲಿ ನಕ್ಕರು, ಆಮೇಲೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರು.

ಸಂತೋಷದ ಸುದ್ದಿ ಮೊದಲು. ಹರಿಣಿ ಬಸುರಿ, ಈಗ ಏಳನೆಯ ತಿಂಗಳು. ರಾಲಿಯಲ್ಲಿ ಅವರ ಮನೆಯಲ್ಲೇ ಫೆಬ್ರವರಿ ಹದಿನೇಳಕ್ಕೆ ಸೀಮಂತ. ಧಾರೆ ಸೀರೆಯನ್ನೇ ಉಡುತ್ತೇನೆ ಎಂದು ಹೇಳಿದ್ದಾಳೆ. ಸೀರೆ ನನ್ನ ಬೀರುವಿನಲ್ಲಿತ್ತು.

ಈಗ ನನ್ನ ತಪ್ಪೊಪ್ಪಿಗೆ. ಡಿಸೆಂಬರಿನಲ್ಲಿ ಸೀರೆ ಹೊರಗೆ ತೆಗೆದೆ. ನಿನ್ನ ಕುಚ್ಚುಗಳನ್ನು ನೋಡಿದೆ, ಎಪ್ಪತ್ತೆರಡೂ ಒಂದೇ ಅಳತೆ, ಒಂದೇ ಬಿಗಿ. ಕೋಪವೆಲ್ಲ ಹೋಗಿದೆ ಎಂದುಕೊಂಡಿದ್ದೆ, ಹೋಗಿರಲಿಲ್ಲ. ಸೂಜಿ ತೆಗೆದುಕೊಂಡು ಕುಳಿತು ಎಲ್ಲವನ್ನೂ ಬಿಚ್ಚಿಬಿಟ್ಟೆ. ಹತ್ತೊಂಬತ್ತು ದಿನ ಹಿಡಿಯಿತು. ನೀನು ಎಷ್ಟು ಗಟ್ಟಿ ಕಟ್ಟುತ್ತೀಯೇ! ಬೈದುಕೊಂಡೇ ಬಿಚ್ಚಿದೆ. ಕೊನೆಯದು ಬಿಚ್ಚಿದಾಗ ಹಾಯೆನಿಸಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ನಾನೇ ಕಟ್ಟಲು ಹೋದೆ. ನಾಲ್ಕು ವರ್ಷದಲ್ಲಿ ಕೈ ಇನ್ನೂ ಕೆಟ್ಟಿದೆ. ಎರಡು ವಾರದಲ್ಲಿ ಒಂದು ಕುಚ್ಚೂ ನಿಲ್ಲಲಿಲ್ಲ. ಎಡಗೈ ಎಳೆ ಹಿಡಿದರೆ ಬಲಗೈ ದಾರ ಬಿಡುತ್ತದೆ. ಹರಿಣಿಗೆ ಫೋನಿನಲ್ಲಿ ಹೇಳಿದರೆ, "ಅಮ್ಮಾ, ಇಟ್ಸ್ ಫೈನ್. ಸೆರಗಿನ ಎಂಡ್ ಯಾರೂ ನೋಡಲ್ಲ. ಕುಚ್ಚು ಇಲ್ದೇನೇ ಉಡ್ತೀನಿ" ಎಂದಳು. ನನಗೆ ಅದು ಫೈನ್ ಅಲ್ಲ. ಎರಡು ಸಲ ಕಟ್ಟಿ ಬಿಚ್ಚಿದ ಸೀರೆ, ಎಳೆ ಇನ್ನು ಮೂರು ಬೆರಳಷ್ಟೇ ಉಳಿದಿದೆ. ಇನ್ನೊಮ್ಮೆ ಕಟ್ಟಬಹುದು, ಅದೂ ಕೆಟ್ಟರೆ ಮತ್ತೆ ಕಟ್ಟಲು ಏನೂ ಇರುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಬಂದು ಕಟ್ಟಿಕೊಡು. ನಿನ್ನ ಕೈಯೇ ಆಗಲಿ. ಸೋತೆ ಎಂದು ಬರೆಯಬೇಕೆಂದಿದ್ದರೆ ಅದನ್ನೂ ಬರೆದಿದ್ದೇನೆ ಎಂದುಕೋ.

ಬರುವಾಗ ಪುಂಡಲೀಕರನ್ನೂ ಕರೆದುಕೊಂಡು ಬಾ. ಇಲ್ಲಿಯ ಅಳಿಲುಗಳಿಗೂ ಒಬ್ಬರು ಬೇಕು.

ನಿನ್ನ
ಮೈಥಿಲಿ


ಹರ್ನ್‌ಡನ್
26 ಜನವರಿ 2024

ಮೈಥಿಲಿ, ನನ್ನ ಮೈಥಿಲಿ,

ನಿನ್ನ ಕಾಗದ ಓದಿ ಮೊದಲು ಹರಿಣಿಗಾಗಿ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ಎಪ್ಪತ್ತೆರಡೂ ಬಿಚ್ಚಿದೆ ಎಂದು ಓದಿ ಎಷ್ಟು ನಕ್ಕೆನೆಂದರೆ ಪುಂಡಲೀಕರು ಮೀಟಿಂಗಿನಿಂದ ಎದ್ದು ಬಂದರು, ಈ ಸಲ ಮ್ಯೂಟ್ ಮಾಡಿದ್ದರು. ಒಳ್ಳೆಯ ಕೆಲಸ ಮಾಡಿದೆ. ನಾನು ಕತ್ತರಿಸಿದ್ದೆ, ನೀನು ಎಳೆ ಉಳಿಸಿಕೊಂಡು ಸೂಜಿಯಲ್ಲಿ ಬಿಚ್ಚಿದೆ. ಕೋಪದಲ್ಲೂ ನಿನ್ನದು ನನಗಿಂತ ಶುದ್ಧ ಕೆಲಸ.

ಬರುತ್ತೇವೆ. ಫೆಬ್ರವರಿ ಎರಡು, ಶುಕ್ರವಾರ, ಬೆಳಗ್ಗೆ ಆರಕ್ಕೆ ಹೊರಟರೆ ಊಟದ ಹೊತ್ತಿಗೆ ನಿಮ್ಮಲ್ಲಿರುತ್ತೇವೆ. ಪುಂಡಲೀಕರು ಒಂದು ವಾರ ಅಲ್ಲಿಂದಲೇ ಕೆಲಸ ಮಾಡುತ್ತಾರಂತೆ. ನಾನು ಸೀಮಂತದವರೆಗೆ ಅಲ್ಲೇ, ಹದಿನೈದು ದಿನ. ಮಿಸೆಸ್ ಹಾನ್ ರಜೆ ಕೊಟ್ಟಿದ್ದಾರೆ. ಯಾಕೆಂದು ಕೇಳಿದರು, ಹೇಳಿದೆ. ನಿನ್ನ ಕೈಯ ವಿಷಯವನ್ನೂ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡ.

ಅವರು ಒಳಗೆ ಹೋಗಿ ಒಂದು ಹಲಗೆ ತಂದರು. ಹಲಗೆಯ ಮೇಲೆ ದಪ್ಪ ಸ್ಪಂಜು, ಅದರ ಮೇಲೆ ಬಟ್ಟೆ. ಅವರ ಬೆರಳಿನ ಸಂದುಗಳೂ ಊದಿಕೊಂಡಿವೆ, ಚಳಿಯಲ್ಲಿ ಎಳೆ ನಿಲ್ಲುವುದಿಲ್ಲ. ಆಗ ಎಳೆಗಳನ್ನು ಒಂದೊಂದಾಗಿ ಗುಂಡುಸೂಜಿಯಿಂದ ಸ್ಪಂಜಿಗೆ ಚುಚ್ಚಿಡುತ್ತಾರೆ, ಆಮೇಲೆ ಸುತ್ತಲು ಒಂದೇ ಕೈ ಸಾಕು, ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಬಹುದು. ತಪ್ಪಿದರೆ ಸೂಜಿ ಕಿತ್ತು ಮತ್ತೆ ಚುಚ್ಚುವುದು. ಹಲಗೆಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು "ಫಾರ್ ಫ್ರೆಂಡ್" ಎಂದರು.

ಆದ್ದರಿಂದ ನೀನು ಕೇಳಿದ್ದಕ್ಕೆ ಉತ್ತರ ಇದು. ಬರುತ್ತೇನೆ, ಕಟ್ಟಿಕೊಡುವುದಿಲ್ಲ. ನಾನು ಎಳೆ ಬಿಡಿಸಿ ಹಲಗೆಗೆ ಚುಚ್ಚುತ್ತೇನೆ, ನೀನು ಸುತ್ತು. ದಿನಕ್ಕೆ ಐದಾದರೆ ಹದಿನೈದು ದಿನ ಸಾಕು. ಒಂದೇ ಸಲಕ್ಕೆ ಐದಾಗದಿದ್ದರೆ ಬೆಳಗ್ಗೆ ಎರಡು, ಮಧ್ಯಾಹ್ನ ಎರಡು, ರಾತ್ರಿ ಒಂದು, ಒಂದೆರಡು ಉಳಿದರೆ ಅದಕ್ಕೆ ಸೀಮಂತದ ದಿನ ಬೆಳಗ್ಗೆ ಬಳೆಯವರು ಬರುವ ಮೊದಲು ಕೂರೋಣ. ನಾನು ಬಾಯಿ ಹಾಕುವುದಿಲ್ಲ. ಹಾಕಿದರೆ ಕೊರಿಯನ್ನಿನಲ್ಲಿ ಬೈಯುವುದನ್ನು ನಿನಗೆ ಕಲಿಸುತ್ತೇನೆ, ಐದು ನಿಮಿಷದಷ್ಟು ನನಗೆ ಬಾಯಿಪಾಠ ಬರುತ್ತದೆ.

ಸಡಿಲವಾದರೆ ಸಡಿಲವಾಗಲಿ. ಸೊಟ್ಟಗಾದರೆ ಆಗಲಿ. ನಾಳೆ ಹರಿಣಿ ಕಣ್ಣು ಮುಚ್ಚಿ ಸೆರಗಿಗೆ ಬೆರಳಿಟ್ಟರೆ ಅಲ್ಲಿ ಸಿಗಬೇಕಾದವಳು ನಾನಲ್ಲ, ನೀನು.

ಬರುತ್ತಿದ್ದೇನೆ,
ವಾರಿಜ